ಆ ಚೀಟಿ ಬರೆದವರು

ಪ್ರೀತಿಯ ಗೆಳೆಯಾ,

ಮಗಳಿಗೆ ಮುಂಬಯಿಯ ಕಾಲೇಜಿನಲ್ಲಿ ಸೀಟು ಸಿಕ್ಕಿದ ಸುದ್ದಿ ನಿನಗೆ ಆಗಲೇ ಮುಟ್ಟಿದೆ. ಅದೇ ವಾರ ಅವಳು ಹಟ ಹಿಡಿದು ನನ್ನನ್ನು ‘ಟಾಯ್ ಸ್ಟೋರಿ 3’ ನೋಡಲು ಕೂರಿಸಿದಳು. 2010ರಲ್ಲಿ ಬಂದ ಈ ಆನಿಮೇಷನ್ ಚಿತ್ರವನ್ನು ಅವಳು ಚಿಕ್ಕಂದಿನಲ್ಲಿ ನೋಡುವಾಗಲೆಲ್ಲ ಪಕ್ಕದಲ್ಲಿ ಪೇಪರು ಓದುತ್ತ ಕುಳಿತಿರುತ್ತಿದ್ದ ನಾನು ಈ ಸಲ ಮೊದಲಿನಿಂದ ಕೊನೆಯವರೆಗೂ ನೋಡಿದೆ. ಅಂದಿನಿಂದ ಅದು ನನ್ನನ್ನು ಬಿಟ್ಟಿಲ್ಲ.

ಹದಿನೇಳರ ಹುಡುಗ ಆಂಡಿ ಕಾಲೇಜಿಗೆಂದು ಮನೆ ಬಿಡುವವನಿದ್ದಾನೆ. ಉಳಿದ ಆಟಿಕೆಗಳೆಲ್ಲ ಅಟ್ಟಕ್ಕೆಂದಾದರೆ, ವುಡಿ ಎಂಬ ಕೌಬಾಯ್ ಗೊಂಬೆಯೊಂದನ್ನು ಮಾತ್ರ ಅವನು ತನ್ನೊಂದಿಗೆ ಒಯ್ಯುವ ಪೆಟ್ಟಿಗೆಗೆ ಹಾಕಿರುತ್ತಾನೆ. 1995ರ ಮೊದಲ ಚಿತ್ರದಲ್ಲಿ ಪುಟ್ಟ ಆಂಡಿಗೆ ದನಿ ಕೊಟ್ಟ ಜಾನ್ ಮಾರಿಸ್ ಎಂಬ ಹುಡುಗನೇ ದೊಡ್ಡವನಾಗಿ ಇಲ್ಲಿಯೂ ದನಿ ಕೊಟ್ಟಿದ್ದಾನೆಂದು ಮಗಳು ಹೇಳಿದಳು. ಆ ಒಡೆದ ಗಂಡುದನಿ ನಟನೆಯಲ್ಲ, ನಿಜವಾಗಿಯೂ ಕಳೆದುಹೋದ ಕಾಲ ಎಂದು ತಿಳಿದ ಮೇಲೆ ನನಗೆ ಸುಮ್ಮನೆ ಕೂರುವುದು ಕಷ್ಟವಾಯಿತು.

ಖಾಲಿಯಾದ ಕೋಣೆಗೆ ಕಾಲಿಟ್ಟ ತಾಯಿ ಮಾತು ಬಾರದೆ ನಿಲ್ಲುವ ದೃಶ್ಯಕ್ಕೆ ಯಾರ ಕಣ್ಣಾದರೂ ಒದ್ದೆಯಾದೀತು. ನನ್ನನ್ನು ಕಲಕಿದ್ದು ಅದರ ಬೆನ್ನಿಗೇ ಬರುವ ಸಣ್ಣ ಸಂಗತಿ. ಪೆಟ್ಟಿಗೆಯೊಳಗಿಂದ ತಾಯಿಮಗನನ್ನು ನೋಡಿದ ವುಡಿ, ಬಾನಿ ಎಂಬ ಪುಟ್ಟ ಹುಡುಗಿಯ ವಿಳಾಸವನ್ನು ತಾನೇ ಒಂದು ಚೀಟಿಯಲ್ಲಿ ಬರೆದು, ಅಟ್ಟಕ್ಕೆ ಹೋಗಬೇಕಿದ್ದ ಪೆಟ್ಟಿಗೆಗೆ ಅಂಟಿಸಿ, ತಾನೂ ಅದರೊಳಗೆ ಸೇರಿಕೊಳ್ಳುತ್ತದೆ. ಆಂಡಿ ಅದನ್ನು ಅಮ್ಮ ಬರೆದಳೆಂದೇ ತಿಳಿಯುತ್ತಾನೆ. ತನ್ನನ್ನು ಬಿಟ್ಟುಕೊಟ್ಟವರು ಯಾರೆಂಬುದು ಅವನಿಗೆ ಕೊನೆಗೂ ತಿಳಿಯುವುದಿಲ್ಲ.

ನನ್ನ ಅಮ್ಮನ ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ, ಊಟದ ಎಲೆ ಎತ್ತಿದ ಮೇಲೆ, ನೀನು ನನ್ನನ್ನು ಬಾವಿಕಟ್ಟೆಯ ಬಳಿಗೆ ಕರೆದು ಹೇಳಿದ ಮಾತು ನೆನಪಿದೆಯೇ? ಮುಂಬಯಿಯಲ್ಲಿ ನನಗೊಂದು ಕೆಲಸ ನೋಡೆಂದು ನಿನಗೆ ಇನ್‌ಲ್ಯಾಂಡ್ ಪತ್ರ ಬರೆದವಳು ಅಮ್ಮನೇ ಎಂದೆ. ಅದು ಮತ್ಸ್ಯಗಂಧ ರೈಲು ಹೊಸದಾಗಿ ಓಡತೊಡಗಿದ್ದ ಕಾಲ. ಅಪ್ಪ ತೀರಿಕೊಂಡು ವರ್ಷವೂ ಆಗದ ಮನೆಯಲ್ಲಿ ಅವಳೊಬ್ಬಳನ್ನು ಬಿಟ್ಟು ಹೇಗೆ ಹೋಗಲಿ ಎಂದು ನಾನು ನುಂಗಿಕೊಂಡಿದ್ದಾಗ, ನಿನ್ನ ಪತ್ರ ಬಂತು. ಅಮ್ಮ ಏನೂ ಅರಿಯದವಳಂತೆ ಅದನ್ನು ನನ್ನಿಂದಲೇ ಎರಡು ಸಲ ಓದಿಸಿಕೊಂಡಳು. ಟ್ರಂಕಿನ ತಳಕ್ಕೆ ಕುಚ್ಚಲಕ್ಕಿಯ ಚೀಲವನ್ನಿಟ್ಟು, ಅದರ ಮೇಲೆ ಹಲಸಿನ ಹಪ್ಪಳ ಜೋಡಿಸಿ, ಮಿಡಿ ಉಪ್ಪಿನಕಾಯಿಯ ಹಾರ್ಲಿಕ್ಸ್ ಬಾಟಲಿಯ ಬಾಯಿಗೆ ಬಟ್ಟೆ ಕಟ್ಟಿ, ನನ್ನ ಹಳೆಯ ಲುಂಗಿಯಲ್ಲಿ ಸುತ್ತಿ ಮೂಲೆಗೆ ಒತ್ತಿ ಇಟ್ಟಳು. ಇಂದ್ರಾಳಿ ಸ್ಟೇಷನ್ನಿನಲ್ಲಿಯೂ ಅವಳು ಅಳಲಿಲ್ಲ. ಅವಳಿಗೆ ಅಷ್ಟೇನೂ ಬೇಸರವಿಲ್ಲವೆಂದು ನಾನು ಸಮಾಧಾನದಿಂದಲೇ ರೈಲು ಹತ್ತಿದ್ದೆ.

ನಾನು ಅಮ್ಮನಷ್ಟು ಗಟ್ಟಿಯಿಲ್ಲ, ಮಾರಾಯ. ಇಲ್ಲೇ ಮಣಿಪಾಲವಿರುವಾಗ ಅಷ್ಟು ದೂರ ಏಕೆ ಎಂಬ ಮಾತು ದಿನಕ್ಕೆ ಹಲವು ಸಲ ನನ್ನ ನಾಲಗೆಯ ತುದಿಗೆ ಬರುತ್ತದೆ. ಸೀಟು ಸಿಗುವ ಮುಂಚೆ ಕನಕನ ಕಿಂಡಿಯೆದುರು ನಿಂತು ಮಗಳಿಗೆ ಒಳ್ಳೆಯದಾಗಲೆಂದು ಬೇಡುವಾಗ, ಆ ಒಳ್ಳೆಯದು ಉಡುಪಿಯಲ್ಲೇ ಆಗಲಿ ಎಂದೂ ಮನಸ್ಸು ಸೇರಿಸಿಕೊಂಡಿತ್ತು. ಇದನ್ನು ಹೆಂಡತಿಗೂ ಹೇಳಿರಲಿಲ್ಲ; ಈಗ ಈ ಬಹಿರಂಗ ಪತ್ರದಲ್ಲಿ ಇಷ್ಟು ಜನರ ಎದುರು ನಿನಗೆ ಬರೆದುಬಿಟ್ಟಿದ್ದೇನೆ.

ಇರಲಿ, ಈ ಮಾತು ಸಾಕು. ಅವಳ ಹಾಸ್ಟೆಲಿನಿಂದ ನೀನಿರುವ ಡೊಂಬಿವಲಿಗೆ ಲೋಕಲ್ ರೈಲಿದೆ. ಭಾನುವಾರಗಳಲ್ಲಿ ಅವಳನ್ನು ಊಟಕ್ಕೆ ಕರೆ. ಕರೆಯುವಾಗ ನಾನು ಹೇಳಿದೆನೆಂದು ಹೇಳಬೇಡ, ನೀನಾಗಿಯೇ ಕರೆದಂತಿರಲಿ. ಅತ್ತಿಗೆಯ ಕೈಯ ನೀರುದೋಸೆ ಅವಳಿಗೆ ಬಲು ಇಷ್ಟ. ಆ ಐದನೆಯ ಇಡ್ಲಿಯ ಕಥೆಯೊಂದನ್ನು ಬಿಟ್ಟು ನಮ್ಮ ಕಾಲದ ಬೇರೆ ಯಾವ ಕಥೆಯನ್ನಾದರೂ ಅವಳಿಗೆ ಹೇಳು.

ನಿನ್ನ
ಉಡುಪಿಯ ಗೆಳೆಯ