ಪಾಪ್ಯುಲರ್ ಹುಡುಗೀರು, ಇಷ್ಟ ಆಗೋ ಹುಡುಗೀರು: ಮಗಳಿಗೊಂದು ಪತ್ರ

ಪುಟ್ಟಿ,

ಫೋನಲ್ಲಿ "ಎಲ್ರಿಗೂ ಒಂದೊಂದು ಗ್ಯಾಂಗ್ ಇದೆ ಅಮ್ಮ, ನಂಗೆ ಮಾತ್ರ ಇಲ್ಲ, ನನ್ ಪರ್ಸನಾಲಿಟಿನೇ ಸರಿ ಇಲ್ಲ ಅನ್ಸತ್ತೆ" ಅಂದ್ಯಲ್ಲ, ಆಗ ನಾನು ಹೂಂ ಹೂಂ ಅಂತ ಸುಮ್ನಿದ್ದೆ. ಪಕ್ಕದಲ್ಲೇ ಅಜ್ಜಿ ಕೂತಿದ್ರು, ಕೇಳಿಸ್ಕೊಂಡಿದ್ರೆ ಅವತ್ತೇ ಬಸ್ ಹತ್ತಿ ಹಾಸ್ಟೆಲ್‌ಗೆ ಬಂದ್ಬಿಡೋರು. ಅದಕ್ಕೇ ಬರೀತಿದೀನಿ, ಉದ್ದ ಆಗತ್ತೆ, ಊಟ ಆದ್ಮೇಲೆ ಓದು.

ಪರ್ಸನಾಲಿಟಿ ಸರಿ ಇಲ್ಲ ಅನ್ನೋದನ್ನ ನಾನು ಒಪ್ಪಲ್ಲ. ನಾಚಿಕೆ ಸ್ವಭಾವಾನೇ ತಗೋ. ಚೀನಾದ ಸಿಟಿ ಮಕ್ಕಳನ್ನ ಶಿನ್‌ಯಿನ್ ಚೆನ್ ಅನ್ನೋ ಸಂಶೋಧಕರು 1990ರಲ್ಲಿ ನೋಡಿದಾಗ ನಾಚ್ಕೊಳೋ ಮಕ್ಕಳು ಕ್ಲಾಸಿನವ್ರಿಗೆ ಇಷ್ಟದವ್ರೇ ಆಗಿದ್ರು, ಅದೇ 2002ರಲ್ಲಿ ನೋಡಿದ್ರೆ ಅಂಥವ್ರನ್ನೇ ಉಳಿದವ್ರು ದೂರ ಇಡ್ತಿದ್ರು. ಮಧ್ಯೆ ಆಗಿದ್ದೇನಂದ್ರೆ ಮಾರ್ಕೆಟ್ ಬಂತು, ಪೈಪೋಟಿ ಬಂತು, ಮುನ್ನುಗ್ಗೋರಿಗೆ ಬೆಲೆ ಬಂತು. ನಮ್ಮಲ್ಲೂ ನೋಡು, ಮಾತು ಬೆಳ್ಳಿ ಮೌನ ಬಂಗಾರ ಅಂತ ನಮ್ಗೆ ಹೇಳ್ಕೊಟ್ಟವ್ರೇ ಈಗ ಮೊಮ್ಮಕ್ಕಳನ್ನ ಕಮ್ಯುನಿಕೇಷನ್ ಸ್ಕಿಲ್ಸ್ ಕ್ಲಾಸಿಗೆ ಸೇರಿಸ್ತಿದಾರೆ!

ಬಿ.ಎಡ್ ಓದುವಾಗ ನಮ್ಗೆ ಸೋಷಿಯೋಗ್ರಾಂ ಅಂತ ಒಂದಿತ್ತು, ಕ್ಲಾಸಲ್ಲಿ ಯಾರಿಗೆ ಯಾರಿಷ್ಟ ಅಂತ ಕೇಳಿ ಗೆರೆ ಎಳೆಯೋದು. 1982ರಲ್ಲಿ ಕೋಯಿ, ಡಾಡ್ಜ್ ಮತ್ತೆ ಕೊಪ್ಪೊಟೆಲ್ಲಿ ಅನ್ನೋ ಅಮೆರಿಕದವ್ರು ಯಾರಿಷ್ಟ, ಯಾರಿಷ್ಟ ಇಲ್ಲ ಎರಡನ್ನೂ ಕೇಳಿ ಮಕ್ಕಳನ್ನ ಗುಂಪು ಮಾಡಿದ್ರು. ಆ ಗುಂಪುಗಳಲ್ಲಿ ಎರಡನ್ನ ನಾವು ಸುಮ್ನೆ ಒಂದೇ ಅಂದ್ಕೋತೀವಿ. ಎಲ್ರೂ ಬೇಡ ಅನ್ನೋ ಮಗು ಬೇರೆ, ಯಾರ ಬಾಯಲ್ಲೂ ಹೆಸರೇ ಬರದ ಮಗು ಬೇರೆ. ನೀನು ಎರಡನೇ ಥರ ಅಂತ ನನ್ನ ಲೆಕ್ಕ, ನಿನ್ನ ಬಗ್ಗೆ ಯಾರಿಗೂ ಸಿಟ್ಟಿಲ್ಲ, ಇನ್ನೂ ಗೊತ್ತೇ ಇಲ್ಲ ಅಷ್ಟೆ. ಮುಂದಿನ ವರ್ಷಾನೇ ಕೋಯಿ ಮತ್ತೆ ಕೂಪರ್‌ಸ್ಮಿಟ್ ಹುಡುಗ್ರನ್ನ ಗುರುತಿಲ್ಲದವ್ರ ಜೊತೆ ಆಡೋಕ್ ಬಿಟ್ಟಾಗ, ಬೇಡ ಅನ್ನಿಸ್ಕೊಂಡಿದ್ದವ್ರು ಅಲ್ಲೂ ಬೇಡ ಅನ್ನಿಸ್ಕೊಂಡ್ರು, ಹೆಸರು ಬರದವ್ರು ಮಾತ್ರ ಹೊಸ ಜಾಗದಲ್ಲಿ ಜಾಸ್ತಿ ಬೆರೆತ್ರು.

ಇನ್ನು ಬೆರೆಯೋದು ಹೇಗೆ ಅಂತ. 1981ರಲ್ಲಿ ಪುಟಲ್ಲಾಜ್, ಗಾಟ್‌ಮನ್ ಅನ್ನೋರು, ಆಗ್ಲೇ ಆಡ್ತಿರೋ ಮಕ್ಕಳ ಜೊತೆ ಹೊಸ ಮಗು ಹೇಗೆ ಸೇರತ್ತೆ ಅಂತ ನೋಡಿದ್ರು. ಸಲೀಸಾಗಿ ಸೇರ್ಕೊಂಡ ಮಕ್ಕಳು ಅಲ್ಲಿ ಏನ್ ನಡೀತಿದೆಯೋ ಅದಕ್ಕೇ ಹೊಂದ್ಕೊಂಡ್ ಮಾತಾಡಿದ್ವು, ಸೇರೋಕಾಗದ ಮಕ್ಕಳು ನಾನು ನಂದು ಅಂತ ಮಾತು ತಮ್ಮ ಕಡೆ ಎಳ್ಕೊಂಡ್ವು, ಇಲ್ಲಾ ಅದು ಹಾಗಲ್ಲ ಹೀಗೆ ಅಂತ ತಪ್ಪು ಹಿಡಿದ್ವು. ನಿಮ್ ಮೆಸ್ಸಲ್ಲಿ ಯಾವ್ದೋ ಸೀರಿಯಲ್ ಬಗ್ಗೆ ಮಾತಾಡ್ತಿದ್ರೆ "ಅಯ್ಯೋ ನಂಗೆ ಸೀರಿಯಲ್ ಅಂದ್ರೇ ಬೋರ್" ಅಂತ ತಟ್ಟೆ ಇಟ್ರೆ ಅಲ್ಲಿಗೆ ಮಾತು ಮುಗೀತು, "ಹೌದಾ, ಆಮೇಲೆ ಏನಾಯ್ತು?" ಅಂತ ಕೂತ್ರೆ ನಿಂಗೂ ಜಾಗ ಸಿಗತ್ತೆ. ಬಸ್ಸಲ್ಲಿ ಸೀಟು ಕೇಳೋ ಹಾಗೆ ಮೆತ್ತಗೆ ಸ್ವಲ್ಪ ಸರೀರಿ ಅನ್ನೋದು. ನಾಟಕ ಮಾಡು ಅಂತಲ್ಲ ಮತ್ತೆ, ನಿಜವಾಗ್ಲೂ ಬೋರಾದ್ರೆ ಎದ್ದು ಹೋಗು. ಆದ್ರೆ ಇದು ಹುಟ್ಟಿಂದ ಬರೋ ಗುಣ ಏನಲ್ಲ, ಸೈಕಲ್ ಹೊಡೆಯೋದು ಕಲ್ತಷ್ಟೇ ಕಲೀಬೋದು.

ಆ ಫೇಮಸ್ ಗ್ಯಾಂಗ್ ವಿಷ್ಯ. ನಿಮ್ ಕ್ಲಾಸಲ್ಲಿ ಯಾರು ಪಾಪ್ಯುಲರ್ ಅಂತ ಕೇಳಿದ್ರೆ ಬರೋ ಹೆಸರು, ನಿಂಗೆ ಯಾರಿಷ್ಟ ಅಂತ ಕೇಳಿದ್ರೆ ಬರೋ ಹೆಸರು ಎಷ್ಟೋ ಸಲ ಬೇರೆ ಬೇರೆ ಅಂತ 1998ರಲ್ಲೇ ಪಾರ್ಕ್‌ಹರ್ಸ್ಟ್, ಹಾಪ್‌ಮೇಯರ್ ತೋರಿಸಿದಾರೆ. ಎಲ್ರಿಗೂ ಗೊತ್ತಿರೋದು, ಎಲ್ರಿಗೂ ಇಷ್ಟ ಆಗೋದು ಎರಡೂ ಒಂದೇ ಅಲ್ಲ, ಮೊದಲ್ನೇದ್ರಲ್ಲಿ ಸ್ವಲ್ಪ ಹೆದರಿಕೇನೂ ಸೇರಿರತ್ತೆ. ವರ್ಜೀನಿಯಾದಲ್ಲಿ ಜೋಸೆಫ್ ಅಲೆನ್ ತಂಡ 13ನೇ ವಯಸ್ಸಿಂದ 23ರವರೆಗೂ ಮಕ್ಕಳನ್ನ ಫಾಲೋ ಮಾಡಿ 2014ರಲ್ಲಿ ಹೇಳಿದ್ದೂ ಅದೇ, ಚಿಕ್ಕ ವಯಸ್ಸಲ್ಲೇ ದೊಡ್ಡವ್ರ ಥರ ಆಡಿ ಕೂಲ್ ಅನ್ನಿಸ್ಕೊಂಡವ್ರ ಹವಾ ಬೇಗ ಇಳೀತು, ದೊಡ್ಡವ್ರಾದ್ಮೇಲೆ ಸ್ನೇಹದಲ್ಲೂ ಕುಡಿತದಲ್ಲೂ ತೊಂದ್ರೆ ಪಟ್ಟವ್ರು ಅವ್ರಲ್ಲೇ ಜಾಸ್ತಿ. ಎಲ್ಲ ಕೂಲ್ ಮಕ್ಕಳೂ ಹೀಗೇ ಆಗ್ತಾರೆ ಅಂತ ಅಲ್ಲ, ನಿನ್ ಚಿಕ್ಕಪ್ಪ ಕಾಲೇಜಲ್ಲಿ ಹೀರೋ ಥರ ಇದ್ದು ಈಗ್ಲೂ ಚೆನ್ನಾಗೇ ಇದಾನೆ.

ಅದ್ಸರಿ, ಫಿಸಿಕ್ಸ್ ರೆಕಾರ್ಡ್ ಬರೆಯೋಕೆ ನಿನ್ ಹತ್ರಾನೇ ಬರ್ತಾಳೆ ಅಂದಿದ್ಯಲ್ಲ ಪಕ್ಕದ ರೂಮಿನ ಹುಡುಗಿ, ಅವಳ ಜೊತೆ ಮೆಸ್ಸಿಗೆ ಹೋಗ್ತೀಯಾ, ಒಬ್ಳೇ ಹೋಗ್ತೀಯಾ? ಅದನ್ನ ಹೇಳ್ಲೇ ಇಲ್ಲ ನೀನು. ಭಾನುವಾರ ಫೋನ್ ಮಾಡ್ದಾಗ ಹೇಳು.

ಅಮ್ಮ