ಅಂಗಡಿ ಖಾಲಿ ಆಗುವ ಮೊದಲೇ ತಡೆಯಾಜ್ಞೆ ಬರಬೇಕು

ಮಾನ್ಯ ಸಂಪಾದಕರೇ,

ನಮ್ಮ ಮಂಡ್ಯ ಕಡೆ ಬದುವಿನ ಜಗಳ ಶುರುವಾದರೆ ಸಾಕು, ಇಬ್ಬರಲ್ಲಿ ಒಬ್ಬರು ಕೋರ್ಟಿಗೆ ಹೋಗಿ ಸ್ಟೇ ತಂದೇ ತರುತ್ತಾರೆ. ಕೇಸು ಮುಗಿಯುವ ತನಕ ಎದುರು ಪಾರ್ಟಿ ಜಮೀನು ಮಾರುವ ಹಾಗಿಲ್ಲ, ಅಡ ಇಡುವ ಹಾಗಿಲ್ಲ. ಹತ್ತು ಗುಂಟೆಗೆ ಇಷ್ಟು ರಕ್ಷಣೆ ಇದೆ. ಆದರೆ ನೂರಾರು ಮನೆಗಳ ಠೇವಣಿ ತಗೊಂಡು ಕೂತ ಫೈನಾನ್ಸ್‌ನವನು ತನ್ನ ಹೆಸರಲ್ಲಿರುವುದನ್ನೆಲ್ಲ ಒಂದೊಂದಾಗಿ ಸಾಗಿಸುತ್ತಿದ್ದರೆ, ಅವನಿಗೆ "ನಿಲ್ಲು" ಅನ್ನುವವರು ಯಾರೂ ಇಲ್ಲ. ನಿಲ್ಲು ಅನ್ನುವ ಹೊತ್ತಿಗೆ ಅಂಗಡಿಯಲ್ಲಿ ಮೇಜು ಕುರ್ಚಿ ಬಿಟ್ಟು ಬೇರೇನೂ ಉಳಿದಿರುವುದಿಲ್ಲ. ನಾನು ಈ ಪತ್ರ ಬರೆಯುತ್ತಿರುವುದು ಇದಕ್ಕೇ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬೀದಿಯವರು ಕಾಗದ ಪತ್ರ ಓದಿಸಲು ಈಗಲೂ ನನ್ನ ಹತ್ತಿರ ಬರುತ್ತಾರೆ. ಹೋದ ವರ್ಷ ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಮುಂದಿಟ್ಟರು. ಅದರೊಳಗೆ 100 ರೂಪಾಯಿಯ ಛಾಪಾ ಕಾಗದದಲ್ಲಿ ಒಂದು "ಹೂಡಿಕೆ ಒಪ್ಪಂದ", ಮುಂದಿನ ತಾರೀಕು ಹಾಕಿದ ಮೂರ್ನಾಲ್ಕು ಚೆಕ್ಕು, ದೇವರ ಪಟವಿದ್ದ ಒಂದು ಕ್ಯಾಲೆಂಡರ್. ಒಪ್ಪಂದದಲ್ಲಿ ಎಲ್ಲೂ ಠೇವಣಿ ಅನ್ನುವ ಪದವೇ ಇಲ್ಲ, ಬಡ್ಡಿ ಅನ್ನುವ ಪದವೂ ಇಲ್ಲ, ಬರೀ "ಲಾಭದ ಪಾಲು". ರಿಸರ್ವ್ ಬ್ಯಾಂಕಿನ ನೋಂದಣಿ ಸಂಖ್ಯೆ ಇಲ್ಲ, ಷೇರುಪೇಟೆ ನಿಯಂತ್ರಿಸುವ ಸೆಬಿಯದ್ದೂ ಇಲ್ಲ, ಚೀಟಿ ರಿಜಿಸ್ಟ್ರಾರ್ ಅವರದ್ದೂ ಇಲ್ಲ. ತಿಂಗಳಿಗೆ ನೂರಕ್ಕೆ ಮೂರು ಅಂತ ಹೇಳಿ ದುಡ್ಡು ಹಾಕಿಸಿದ ಏಜೆಂಟ್ ಬೇರೆ ಯಾರೂ ಅಲ್ಲ, ಇವರ ಮಗನಿಗೆ ಪಾಠ ಹೇಳಿಕೊಟ್ಟ ಮೇಷ್ಟ್ರು. ಮೊದಮೊದಲು ಪ್ರತಿ ತಿಂಗಳು 5ನೇ ತಾರೀಕು ಫೋನಿಗೆ ದುಡ್ಡು ಬೀಳುತ್ತಿತ್ತು. ಅದನ್ನು ನೋಡಿ ತಂಗಿಯ ಹಣವನ್ನೂ, ಹೆದ್ದಾರಿಗೆ ಜಮೀನು ಬಿಟ್ಟುಕೊಟ್ಟ ಭಾವನ ಪರಿಹಾರದ ಹಣವನ್ನೂ ಹಾಕಿಸಿದ್ದರು. ಆಮೇಲೆ ದುಡ್ಡು ಬರುವುದು ನಿಂತಿತು. ಕೇಳಿದರೆ, "ಯಾಕಣ್ಣ ಗಾಬ್ರಿ ಬೀಳ್ತೀರಿ, ಆಡಿಟ್ ನಡೀತಾ ಅದೆ, ಸ್ವಲ್ಪ ತಡ್ಕಳಿ" ಅನ್ನುವ ಉತ್ತರ.

ತಡೆದುಕೊಂಡರು. ಆ ತಡೆದುಕೊಂಡ ತಿಂಗಳುಗಳಲ್ಲಿ ಏನಾಯಿತು ಅಂತ ಆಮೇಲೆ ಇಸಿ (ಆಸ್ತಿ ಯಾರಿಂದ ಯಾರಿಗೆ ಹೋಯಿತು ಅಂತ ತೋರಿಸುವ ದಾಖಲೆ) ತೆಗೆಸಿ ನೋಡಿದಾಗ ನನಗೆ ಹೊಟ್ಟೆ ಉರಿಯಿತು. ಆ ಮನುಷ್ಯನ ಹೆಸರಲ್ಲಿದ್ದ ಸೈಟುಗಳು ಹೆಂಡತಿಯ ತಮ್ಮನ ಹೆಸರಿಗೆ, ಅಲ್ಲಿಂದ ಯಾರೋ ಮೂರನೆಯವರ ಹೆಸರಿಗೆ ರಿಜಿಸ್ಟರ್ ಆಗಿದ್ದವು. ಹಾಗೆ ಮಾರಿದ್ದರಲ್ಲಿ ಒಂದು ಸೈಟು, ಜನ ಠಾಣೆಗೆ ಹೋಗಿ ದೂರು ಕೊಟ್ಟ ಮೇಲೆ ಮಾರಾಟವಾದದ್ದು. ದೂರು ಕೊಟ್ಟಿದ್ದಾರೆ, ಠಾಣೆಯಲ್ಲಿ ರಸೀದಿ ಕೊಟ್ಟಿದ್ದಾರೆ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನಡೆದಿದೆ. ಅಲ್ಲಿನವರನ್ನೂ ದೂರುವ ಹಾಗಿಲ್ಲ. ಕೋರ್ಟಿನ ಆದೇಶ ಇಲ್ಲದೆ ಅವರು ಯಾಕೆ ನಿಲ್ಲಿಸುತ್ತಾರೆ?

ಕಾನೂನು ಇಲ್ಲವಾ ಅಂದರೆ, ಇದೆ. ಒಂದಲ್ಲ, ಎರಡಿದೆ. ನಮ್ಮ ರಾಜ್ಯದ್ದೇ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಇದೆ. ಅದರ ಮೇಲೆ ಕೇಂದ್ರದ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ. ಕೇಂದ್ರದ ಕಾಯ್ದೆ ಚೆನ್ನಾಗಿಯೇ ಇದೆ. ನೋಂದಣಿ ಇಲ್ಲದೆ ಠೇವಣಿ ಕೇಳುವುದೇ ಅಪರಾಧ, ತೆಗೆದುಕೊಳ್ಳುವುದು ಇನ್ನೂ ದೊಡ್ಡ ಅಪರಾಧ, ವಾಪಸ್ ಕೊಡದೆ ಮೋಸ ಮಾಡಿದರೆ 10 ವರ್ಷದವರೆಗೆ ಜೈಲು. ದುಡ್ಡು ಮುಳುಗುವ ತನಕ ಕಾಯಬೇಕು ಅಂತಲೂ ಇಲ್ಲ. ಇಂಥ ಠೇವಣಿ ತಗೊಳ್ಳುತ್ತಿದ್ದಾರೆ ಅಂತ ನಂಬಲು ಕಾರಣ ಇದ್ದರೆ ಸಕ್ಷಮ ಪ್ರಾಧಿಕಾರ, ಅಂದರೆ ಈ ಕಾಯ್ದೆಗಾಗಿ ಸರ್ಕಾರ ನೇಮಿಸಿದ ಅಧಿಕಾರಿ, ತಾತ್ಕಾಲಿಕವಾಗಿ ಆಸ್ತಿ ಮುಟ್ಟುಗೋಲು ಹಾಕಿಕೊಂಡು, 30 ದಿನದೊಳಗೆ ವಿಶೇಷ ನ್ಯಾಯಾಲಯಕ್ಕೆ ಹೋಗಬೇಕು, ಹೆಚ್ಚೆಂದರೆ 60 ದಿನ.

ಹಾಗಿದ್ದರೆ ತೊಂದರೆ ಎಲ್ಲಿ? ನನಗೆ ಕಾಣುವುದು ಎರಡು ಕಡೆ.

ಒಂದು, ಕೇಂದ್ರದ ಕಾಯ್ದೆಯಲ್ಲಿ ಸಕ್ಷಮ ಪ್ರಾಧಿಕಾರ ಅಂದರೆ ಸರ್ಕಾರದ ಕಾರ್ಯದರ್ಶಿ ದರ್ಜೆಗಿಂತ ಕೆಳಗಿನವರು ಆಗುವ ಹಾಗಿಲ್ಲ. ಅವರು ಕೂರುವುದು ಬೆಂಗಳೂರಿನಲ್ಲಿ. ಅಂಗಡಿ ಇರುವುದು ಮದ್ದೂರಿನಲ್ಲೋ ಕೆ.ಆರ್. ಪೇಟೆಯಲ್ಲೋ ಮೈಸೂರಿನ ಸರಸ್ವತಿಪುರಂನಲ್ಲೋ. ಠಾಣೆಯಿಂದ ಎಸ್‌ಪಿ ಕಚೇರಿ, ಅಲ್ಲಿಂದ ಡಿಸಿ ಕಚೇರಿ, ಅಲ್ಲಿಂದ ವಿಧಾನಸೌಧ ಅಂತ ಕಡತ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಅಂಗಡಿಯವನು ಊರೇ ಬಿಟ್ಟಿರುತ್ತಾನೆ.

ಎರಡನೆಯದು ಇನ್ನೂ ಮುಖ್ಯ, ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಮುಟ್ಟುಗೋಲು ಹಾಕಬೇಕಾದರೆ ಯಾವ ಆಸ್ತಿ ಅಂತ ಮೊದಲು ಗೊತ್ತಾಗಬೇಕು. ಸರ್ವೆ ನಂಬರ್ ಬೇಕು, ಸೈಟ್ ನಂಬರ್ ಬೇಕು, ಯಾವ ಬ್ಯಾಂಕಿನ ಯಾವ ಖಾತೆ ಅಂತ ಬೇಕು. ಆ ಪಟ್ಟಿ ಮಾಡುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಪಟ್ಟಿಗೆ ಬರದ ಆಸ್ತಿ ಅಷ್ಟರಲ್ಲಿ ಕೈ ಬದಲಾಗಿರುತ್ತದೆ. ತಡೆಯಾಜ್ಞೆ ಹಾಗಲ್ಲ. ಅದು ಆ ಮನುಷ್ಯನ ಮೇಲೇ ಬೀಳುತ್ತದೆ. "ನೀನು ನಿನ್ನ ಹೆಸರಿನಲ್ಲಿರುವ ಯಾವುದನ್ನೂ ಮಾರಕೂಡದು, ಪರಭಾರೆ ಮಾಡಕೂಡದು, ಹೊಸ ಠೇವಣಿ ತಗೊಳ್ಳಕೂಡದು, ಏನೇನಿದೆ ಅಂತ ಪ್ರಮಾಣ ಮಾಡಿ ಪಟ್ಟಿ ಕೊಡು" ಅಂತ ಕೋರ್ಟು ಹೇಳಿದರೆ ಹೆಸರು ವಿಳಾಸ ಇದ್ದರೆ ಸಾಕು, ಆಸ್ತಿಯ ಪಟ್ಟಿ ಆಮೇಲೆ ಆಗುತ್ತದೆ. ಮೀರಿದರೆ ಕೋರ್ಟಿನ ಆಜ್ಞೆ ಮೀರಿದ ಹಾಗೆ. ಸಾಮಾನ್ಯ ಸಿವಿಲ್ ಕೇಸಿನಲ್ಲೇ ತಡೆಯಾಜ್ಞೆ ಮುರಿದವನನ್ನು ಮೂರು ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸಬಹುದು. ಬದುವಿನ ಕೇಸಿಗೆ ಇರುವ ಈ ಆಯುಧವನ್ನು ಹಣಕಾಸಿನ ಮೋಸ ತಡೆಯಬೇಕಾದ ಅಧಿಕಾರಿಯ ಕೈಗೆ ಮೊದಲ ದಿನವೇ ಯಾಕೆ ಕೊಡಬಾರದು?

ಬೇರೆ ದೇಶಗಳಲ್ಲಿ ಕೊಟ್ಟಿದ್ದಾರೆ. ಬ್ರಿಟನ್ನಿನಲ್ಲಿ 2000ದಲ್ಲಿ ಮಾಡಿದ ಹಣಕಾಸು ಸೇವೆಗಳ ಕಾಯ್ದೆಯ 380ನೇ ಕಲಂ ಪ್ರಕಾರ, ಅಲ್ಲಿನ ನಿಯಂತ್ರಕರು ನೇರವಾಗಿ ಕೋರ್ಟಿಗೆ ಹೋಗಿ, ಇಂಥವನು ನಿಯಮ ಮುರಿಯುತ್ತಿದ್ದಾನೆ ಅಥವಾ ಮುರಿಯುವ ಸಾಧ್ಯತೆ ಇದೆ, ನಿಲ್ಲಿಸಿ ಅಂತ ಕೇಳಬಹುದು. ಗಮನಿಸಿ, "ಮುರಿಯುವ ಸಾಧ್ಯತೆ" ಇದ್ದರೂ ಸಾಕು. ಆಸ್ತಿ ಸಾಗಿಸದಂತೆಯೂ ಆದೇಶ ಪಡೆಯಬಹುದು. ಅಲ್ಲಿ ಖಾಸಗಿ ವ್ಯಕ್ತಿ ಇಂಥ ಆದೇಶ ಕೇಳಿದರೆ, ನಾಳೆ ನನ್ನದೇ ತಪ್ಪು ಅಂತಾದರೆ ನಷ್ಟ ತುಂಬಿಕೊಡುತ್ತೇನೆ ಅಂತ ಸಾಮಾನ್ಯವಾಗಿ ಮುಚ್ಚಳಿಕೆ ಬರೆದುಕೊಡಬೇಕು. ಸಾರ್ವಜನಿಕರ ಪರವಾಗಿ ಬರುವ ನಿಯಂತ್ರಕರು ಸಾಮಾನ್ಯವಾಗಿ ಅದನ್ನು ಬರೆದುಕೊಡಬೇಕಾಗಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿದೆ. ಇದು ಸಣ್ಣ ವಿಷಯ ಅಲ್ಲ. ನಷ್ಟ ನನ್ನ ತಲೆ ಮೇಲೆ ಬಂದರೆ ಏನು ಗತಿ ಅನ್ನುವ ಭಯ ಇದ್ದರೆ ಯಾವ ಅಧಿಕಾರಿಯೂ ಮುಂದೆ ಬರುವುದಿಲ್ಲ. ಅಮೆರಿಕದಲ್ಲಿ 2009ರ ಫೆಬ್ರವರಿಯಲ್ಲಿ ಅಲೆನ್ ಸ್ಟ್ಯಾನ್‌ಫರ್ಡ್ ಅನ್ನುವವನ ಠೇವಣಿ ಹಗರಣ ಹೊರಬಿದ್ದಾಗ, ಷೇರು ನಿಯಂತ್ರಕರು ಡಲ್ಲಾಸ್‌ನ ಕೋರ್ಟಿಗೆ ಹೋಗಿ ಆಸ್ತಿಗಳನ್ನು ಸ್ಥಗಿತಗೊಳಿಸಿ, ಲೆಕ್ಕ ನೋಡಿಕೊಳ್ಳಲು ರಿಸೀವರ್ ಒಬ್ಬರನ್ನು ನೇಮಿಸುವ ಆದೇಶ ತಂದರು. ಅಷ್ಟಾದರೂ ಹೂಡಿದವರಿಗೆ ಪೂರ್ತಿ ದುಡ್ಡು ಸಿಗಲಿಲ್ಲ ನಿಜ, ಆದರೆ ಉಳಿದದ್ದಾದರೂ ಉಳಿಯಿತು.

ನಮ್ಮಲ್ಲಿ ಸೆಬಿಗೆ ಒಳ್ಳೆಯ ಅಧಿಕಾರ ಇದೆ. ಪಶ್ಚಿಮ ಬಂಗಾಳದ ಶಾರದಾ ಚಿಟ್ ಫಂಡ್ ಹಗರಣದ ನಂತರ 2014ರಲ್ಲಿ ಅದನ್ನು ಇನ್ನಷ್ಟು ಜಾಸ್ತಿ ಮಾಡಿದರು. ನೋಂದಣಿ ಇಲ್ಲದ ಯೋಜನೆ 100 ಕೋಟಿ ದಾಟಿದರೆ ತಾನಾಗಿಯೇ ಸೆಬಿ ವ್ಯಾಪ್ತಿಗೆ ಬರುತ್ತದೆ ಅಂತಲೂ ಮಾಡಿದರು. ಆದರೆ ನಮ್ಮ ತಾಲ್ಲೂಕು ಮಟ್ಟದ ಫೈನಾನ್ಸ್‌ಗಳು ಹತ್ತು ಕೋಟಿಯೋ ಇಪ್ಪತ್ತು ಕೋಟಿಯೋ ಎತ್ತಿ ಹೊರಟುಹೋಗುವಂಥವು. ಮುಂಬೈನಲ್ಲಿರುವ ಸೆಬಿಗೆ ಅದು ಕಾಣುವುದೇ ಇಲ್ಲ. ರಿಸರ್ವ್ ಬ್ಯಾಂಕ್ 2016ರಲ್ಲಿ ದೂರು ಕೊಡಲು "ಸಚೇತ್" ಅಂತ ವೆಬ್‌ಸೈಟ್ ಮಾಡಿದೆ, ಒಳ್ಳೆಯದೇ. ಆದರೆ ತನ್ನ ಹತ್ತಿರ ನೋಂದಣಿ ಮಾಡಿಸದವರ ಮೇಲಿನ ದೂರು ಕೊನೆಗೆ ರಾಜ್ಯದ ಪೊಲೀಸರ, ರಾಜ್ಯದ ಅಧಿಕಾರಿಗಳ ಮೇಜಿಗೇ ಬರುತ್ತದೆ.

ಆ ಮೇಜಿನ ಮೇಲೆ ಏನಾಗುತ್ತದೆ ಅಂತ 2019ರಲ್ಲಿ ಇಡೀ ರಾಜ್ಯ ನೋಡಿತು. ಜನರಿಂದ ಹೂಡಿಕೆ ಹಣ ಎತ್ತುತ್ತಿದ್ದ ಬೆಂಗಳೂರಿನ ಐಎಂಎ ಕಂಪನಿಯ ಬಗ್ಗೆ ರಿಸರ್ವ್ ಬ್ಯಾಂಕ್ ಮೊದಲೇ ಎಚ್ಚರಿಸಿತ್ತು. ಕಂದಾಯ ಇಲಾಖೆಯಿಂದ ವಿಚಾರಣೆಯೂ ಆಯಿತು, ಅದು ಕ್ಲೀನ್ ಚಿಟ್‌ನಲ್ಲಿ ಮುಗಿಯಿತು. ಆ ಚಿಟ್‌ಗೆ ಲಂಚ ನಡೆದಿದೆ ಅಂತ ಆಮೇಲೆ ಅಧಿಕಾರಿಗಳ ಮೇಲೆಯೇ ಆರೋಪ ಬಂತು. ಜೂನ್‌ನಲ್ಲಿ ಮಾಲೀಕ ದುಬೈಗೆ ಹಾರಿದ ಮೇಲೆ ಸಾವಿರಾರು ಜನ ಶಿವಾಜಿನಗರದಲ್ಲಿ ದೂರು ಕೊಡಲು ಸಾಲು ನಿಂತರು. ಈ ವಿಷಯ ಒಬ್ಬ ಅಧಿಕಾರಿಯ ಕೊಠಡಿಯೊಳಗೆ ಮುಗಿಯದೆ, ತೆರೆದ ಕೋರ್ಟಿನಲ್ಲಿ ನ್ಯಾಯಾಧೀಶರ ಮುಂದೆ ಬಂದಿದ್ದರೆ? ಲೆಕ್ಕಪತ್ರ ತಂದು ತೋರಿಸು ಅಂತ ಅವರು ಕೇಳಿದ್ದರೆ? ನಾನು ಕೋರ್ಟೇ ಬೇಕು ಅಂತ ಹಠ ಮಾಡುವುದು ಇದಕ್ಕೇ. ಕೋರ್ಟಿನಲ್ಲಿ ಅರ್ಜಿಗೆ ನಂಬರ್ ಬೀಳುತ್ತದೆ, ಆದೇಶಕ್ಕೆ ಕಾರಣ ಬರೆಯಬೇಕಾಗುತ್ತದೆ, ಯಾರು ಬೇಕಾದರೂ ಪ್ರತಿ ತಗೊಂಡು ಓದಬಹುದು.

ಇನ್ನೊಂದು ಮಾತು ಹೇಳಲೇಬೇಕು. ಆದೇಶ ಬಂದ ಕೂಡಲೇ ಅಡ್ಡ ಬರುವವರು ದುಡ್ಡು ಹಾಕಿದವರೇ. "ಖಾತೆ ಹಿಡಿದಿಟ್ಟರೆ ಸಾಹೇಬ್ರು ದುಡ್ಡು ಹೆಂಗೆ ಕೊಡ್ತಾರೆ? ನಾಲ್ಕು ದಿನ ಬಿಟ್ಟಿದ್ರೆ ಕೊಡ್ತಿದ್ರು" ಅಂತ ಏಜೆಂಟರು ಜನರನ್ನು ಎತ್ತಿಕಟ್ಟುತ್ತಾರೆ. ನಮ್ಮ ಹಿರಿಯರೂ ಹಾಗೇ ಅಂದವರು, ದೂರು ಕೊಟ್ಟರೆ ಅಸಲೂ ಹೋಗುತ್ತದೆ ಅಂತ ಹೆದರಿದವರು. ಅವರ ಮೇಲೆ ನನಗೆ ಕೋಪ ಇಲ್ಲ. ಜೀವಮಾನದ ಉಳಿತಾಯ ಅಲ್ಲಿ ಸಿಕ್ಕಿಹಾಕಿಕೊಂಡಿರುವಾಗ ಯಾರಿಗೆ ಧೈರ್ಯ ಬರುತ್ತದೆ ಹೇಳಿ? ಹಾಗಾಗಿಯೇ ಜನ ದೂರು ಕೊಡಲಿ ಅಂತ ಕಾಯುವುದು ತಪ್ಪು. ಕಾಣುವವರಿಗೆ ಮೊದಲೇ ಕಾಣುತ್ತದೆ. ನಾನು ಕೌಂಟರಿನಲ್ಲಿ ಕೂತು ನೋಡಿದ್ದೇನೆ. ಒಂದೇ ಖಾತೆಗೆ ದಿನವಿಡೀ ಹತ್ತು ಸಾವಿರ, ಐವತ್ತು ಸಾವಿರ ಅಂತ ಬೇರೆ ಬೇರೆ ಹೆಸರಿನಿಂದ ಬರುತ್ತದೆ, ವಾರಕ್ಕೊಮ್ಮೆ ದೊಡ್ಡ ಮೊತ್ತ ಹೊರಗೆ ಹೋಗುತ್ತದೆ, ವ್ಯಾಪಾರದ ಒಂದು ಬಿಲ್ಲೂ ಇರುವುದಿಲ್ಲ. ಇಂಥ ಅನುಮಾನ ಬಂದರೆ ಬ್ಯಾಂಕು ಕೂಡಲೇ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2019ರ ಕಾಯ್ದೆಯಲ್ಲೇ ಇದೆ. ಎಷ್ಟು ಶಾಖೆಗಳಲ್ಲಿ ಇದನ್ನು ಸಿಬ್ಬಂದಿಗೆ ಹೇಳಿಕೊಟ್ಟಿದ್ದಾರೆ ಅಂತ ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ನಮ್ಮ ಲೀಡ್ ಬ್ಯಾಂಕಿನವರು ಒಮ್ಮೆ ಪರಿಶೀಲಿಸಲಿ.

ಸಾಚಾ ವ್ಯಾಪಾರ ಮಾಡುವವರ ಗತಿ ಏನು ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಯಾರೋ ಹೊಟ್ಟೆಕಿಚ್ಚಿಗೆ ಅರ್ಜಿ ಬರೆದರೆ ಒಂದು ಒಳ್ಳೆಯ ಸಂಸ್ಥೆ ಮುಳುಗಿಹೋಗಬಹುದು. ಖಾತೆ ನಿಂತಿದೆ ಅನ್ನುವ ಸುದ್ದಿ ಹರಡಿದರೆ ಗಟ್ಟಿ ಸಂಸ್ಥೆಗೂ ತಡೆದುಕೊಳ್ಳುವುದು ಕಷ್ಟ. ಅದಕ್ಕೇ ಅಧಿಕಾರಿ ಒಬ್ಬರೇ ಸಹಿ ಮಾಡಿ ನಿಲ್ಲಿಸುವುದು ಬೇಡ ಅನ್ನುವುದು. ಎದುರು ಪಾರ್ಟಿಯನ್ನು ಕೇಳದೆ ಕೊಟ್ಟ ತಡೆಯಾಜ್ಞೆಯನ್ನು 30 ದಿನದಲ್ಲಿ ತೀರ್ಮಾನ ಮಾಡಲು ಪ್ರಯತ್ನಿಸಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಈಗಾಗಲೇ ಇದೆ. ಇಲ್ಲಿ ಅದನ್ನು ಇನ್ನೂ ಬಿಗಿ ಮಾಡಿ 15 ದಿನ ಅಂತ ಮಾಡಲಿ. ಸಿಬ್ಬಂದಿಯ ಸಂಬಳ, ಬಾಡಿಗೆ, ಮನೆ ಖರ್ಚಿಗೆ ಕೋರ್ಟು ಬಿಟ್ಟುಕೊಡಲಿ. ಸರಿಯಾಗಿ ನೋಂದಾಯಿತ ಚೀಟಿ ನಡೆಸುವವರು 1982ರ ಕಾಯ್ದೆ ಪ್ರಕಾರ ಚೀಟಿಯ ಪೂರ್ತಿ ಮೊತ್ತಕ್ಕೆ ರಿಜಿಸ್ಟ್ರಾರ್ ಹತ್ತಿರ ಭದ್ರತೆ ಇಟ್ಟಿರುತ್ತಾರೆ, ಅಂಥವರು ಹೆದರಬೇಕಾದ್ದೇನೂ ಇಲ್ಲ. ಇನ್ನು ಇಂಥ ಕಾಯ್ದೆ ಕೋರ್ಟಿನಲ್ಲಿ ನಿಲ್ಲುತ್ತಾ ಅನ್ನುವ ಅನುಮಾನವೂ ಬೇಡ. ತಮಿಳುನಾಡಿನ ಠೇವಣಿದಾರರ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2011ರಲ್ಲೇ ಎತ್ತಿಹಿಡಿದಿದೆ.

ಕಿರುಸಾಲದವರ ಕಾಟ ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆ ತಂದಿತು. ನಮ್ಮ ಮೈಸೂರು, ಚಾಮರಾಜನಗರ, ಮಂಡ್ಯ ಕಡೆಯ ಹೆಣ್ಣುಮಕ್ಕಳ ಕಷ್ಟ ನೋಡಿಯೇ ಆ ಕೂಗು ಎದ್ದಿದ್ದು. ಸಾಲ ತಗೊಂಡವರಿಗೆ ಅಷ್ಟು ಬೇಗ ಕಾನೂನು ಮಾಡಲು ಬಂತು ಅಂದಮೇಲೆ ಠೇವಣಿ ಇಟ್ಟವರಿಗೂ ಮಾಡಬಹುದು.

ನನ್ನ ಕೋರಿಕೆ ಇಷ್ಟು. ಜಿಲ್ಲಾಧಿಕಾರಿಗೋ ಅವರು ಗೊತ್ತು ಮಾಡಿದ ಉಪವಿಭಾಗಾಧಿಕಾರಿಗೋ, ಬೆಂಗಳೂರಿನ ಅನುಮತಿಗೆ ಕಾಯದೆ, ಜಿಲ್ಲಾ ನ್ಯಾಯಾಲಯದಲ್ಲೇ ತಡೆಯಾಜ್ಞೆ ಅರ್ಜಿ ಹಾಕುವ ಅಧಿಕಾರ ಕೊಡಿ. ಅವರಿಗೆ ಮುಚ್ಚಳಿಕೆಯ ಹಂಗು ಬೇಡ. ಆದೇಶ ಆದ ದಿನವೇ ಪ್ರತಿ ಸಬ್ ರಿಜಿಸ್ಟ್ರಾರ್‌ಗೆ, ಬ್ಯಾಂಕುಗಳಿಗೆ, ಆರ್‌ಟಿಒಗೆ ತಲುಪಬೇಕು. ವಿಶೇಷ ನ್ಯಾಯಾಲಯಕ್ಕೆ ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಬೇಕು ಅಂತ ಕೇಂದ್ರದ ಕಾಯ್ದೆ ಹೇಳುತ್ತದೆ. ಅಂಥವರು ಮಂಡ್ಯದಲ್ಲೂ ಇದ್ದಾರೆ, ಮೈಸೂರಿನಲ್ಲೂ ಇದ್ದಾರೆ. ನಮ್ಮ ಎರಡೂ ಜಿಲ್ಲೆಯ ಶಾಸಕರು ಮುಂದಿನ ಅಧಿವೇಶನದಲ್ಲಿ ಇದನ್ನು ಎತ್ತಲಿ.

ಈಗಾಗಲೇ ದುಡ್ಡು ಹಾಕಿ ಕಾಯುತ್ತಿರುವವರಿಗೆ ಒಂದು ಮಾತು. ಛಾಪಾ ಕಾಗದ, ಚೆಕ್ಕು, ಏಜೆಂಟ್ ಕಳಿಸಿದ ವಾಟ್ಸಾಪ್ ಮೆಸೇಜು ಯಾವುದನ್ನೂ ಕಳೆಯಬೇಡಿ. ಅಸಲು ಕಾಗದವನ್ನು "ರಿನ್ಯೂವಲ್‌ಗೆ ಬೇಕು" ಅಂತ ಕೇಳಿದರೆ ಕೊಡಬೇಡಿ. ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ವಿಮೆ ಇಂಥ ಫೈನಾನ್ಸ್‌ಗಳಿಗೆ ಇಲ್ಲ, ಸೌಹಾರ್ದ ಸೊಸೈಟಿಗಳಿಗೂ ಇಲ್ಲ. ಒಬ್ಬೊಬ್ಬರೇ ಹೋಗದೆ ಹತ್ತು ಜನ ಸೇರಿ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ, ಒಂದು ಪ್ರತಿಯನ್ನು ಡಿಸಿ ಕಚೇರಿಯ ಟಪಾಲಿನಲ್ಲೂ ಕೊಟ್ಟು ಸೀಲು ಹಾಕಿಸಿಕೊಳ್ಳಿ.

ಇಂತಿ ನಿಮ್ಮ ಓದುಗ,
ನಿವೃತ್ತ ಬ್ಯಾಂಕ್ ನೌಕರ, ಮಂಡ್ಯ