ಬೈಟುವಿಗೊಂದು ಪತ್ರ: ಇಪ್ಪತ್ತನೇ ಸೆಕ್ಷನ್ ವಿಚಾರ

ಪ್ರಿಯ ಬೈಟು,

ಇದನ್ನು ನಾಲ್ಕು ಜನ ಓದುವ ಜಾಗದಲ್ಲೇ ಬರೆಯುತ್ತಿದ್ದೇನೆ, ಗಾಬರಿಯಾಗಬೇಡ. ಹಳದಿ ಕೊಡೆಯ ಪ್ರಸ್ತಾಪ ಎತ್ತುವುದಿಲ್ಲ. ಉಳಿದ ಓದುಗರು ಕ್ಷಮಿಸಬೇಕು, ಅದು ನಮ್ಮಿಬ್ಬರ ಜೊತೆಗೇ ಮಣ್ಣಾಗಬೇಕಾದ ಕಥೆ.

ಈ ಸೆಮಿಸ್ಟರಿನಲ್ಲಿ ನಮಗೆ ಕೌಟುಂಬಿಕ ಕಾನೂನು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಹೆತ್ತವರು ಮಗನನ್ನು ಸಾಕಬೇಕಾದದ್ದು ಅವನು ಅಪ್ರಾಪ್ತನಾಗಿರುವ ತನಕ. 18 ತುಂಬಿತೋ, ಈ ಸೆಕ್ಷನ್ ಹಿಡಿದುಕೊಂಡು ಅಪ್ಪನ ಮುಂದೆ ನಿಲ್ಲುವ ಹಾಗಿಲ್ಲ. ಮೇಷ್ಟ್ರು ಇದನ್ನು ಹೇಳಿದಾಗ ಹಿಂದಿನ ಬೆಂಚು ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಶುಲ್ಕ, ಹಾಸ್ಟೆಲ್, ಮೆಸ್ಸು, ನೀನು ಇನ್ನೂ ಆಡಿಕೊಳ್ಳುವ ಆ ಬೂಟು, ಇವುಗಳಲ್ಲಿ ಒಂದಕ್ಕೂ ನನಗೆ ಹಕ್ಕಿಲ್ಲ. ಐದು ವರ್ಷದ ಕೋರ್ಸು ಪೂರ್ತಿ ಧರ್ಮಾರ್ಥ!

ನಮ್ಮ ಮನೆಗೆ ದುಡ್ಡು ತಿಂಗಳಿಗೆ ಬರುವುದಿಲ್ಲ, ರೇಷ್ಮೆ ಬೆಳೆಗೆ ಬರುತ್ತದೆ ಎಂಬುದು ನಿನಗೆ ಗೊತ್ತು. ಮೊಟ್ಟೆ ಒಡೆದಲ್ಲಿಂದ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗೆ ಸುಮಾರು ಇಪ್ಪತ್ತೈದು ದಿನ, ನಡುವೆ ನಾಲ್ಕು ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಸರದಿ. ನಾಲ್ಕನೇ ಜ್ವರ ಎದ್ದ ಮೇಲಿನ ವಾರದ್ದೇ ಫಜೀತಿ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಹುಳು ಆಗಲೇ ಮುಗಿಸುತ್ತದೆ. ಸೊಪ್ಪು ಕಡಿಮೆಯಾದರೆ ಗೂಡು ಸಣ್ಣದು. ಹಾಲುತೊಂಡೆ ರೋಗ ಬಿದ್ದರೆ ತಟ್ಟೆ ತಟ್ಟೆಯೇ ತಿಪ್ಪೆಗೆ. ಎಲ್ಲ ದಾಟಿ ರಾಮನಗರದ ಮಾರುಕಟ್ಟೆಗೆ ಹೋದರೂ ಅವತ್ತಿನ ಹರಾಜು ಏನೆನ್ನುತ್ತದೋ ಅದೇ ದರ. ಆ ದರವನ್ನು ನಾನು ಹಾಸ್ಟೆಲಿನಲ್ಲಿ ಕುಳಿತು ಮೊಬೈಲಿನಲ್ಲಿ ನೋಡುತ್ತೇನೆ, ಉಳಿದ ಹುಡುಗರು ಕ್ರಿಕೆಟ್ ಸ್ಕೋರು ನೋಡುವಾಗ. ಏರಿದರೆ ಮೊದಲು ನೆನಪಾಗುವುದು ಅಪ್ಪನಲ್ಲ, ಶುಲ್ಕದ ಗಡುವು.

ಇಷ್ಟಕ್ಕೇ ನಿಲ್ಲಿಸಿ ಅಪ್ಪನ ಬೆವರು, ತ್ಯಾಗ ಎಂದು ಎರಡು ಸಾಲು ಸೇರಿಸಿದ್ದರೆ ಪತ್ರ ಚೆನ್ನಾಗಿರುತ್ತಿತ್ತು. ಆದರೆ ಅದೇ ಸೆಕ್ಷನ್ನನ್ನು ರಾತ್ರಿ ಮತ್ತೆ ಓದಿದೆ. ಮದುವೆಯಾಗದ ಮಗಳು ತನ್ನ ದುಡಿಮೆಯಿಂದ, ಆಸ್ತಿಯಿಂದ ಜೀವನ ನಡೆಸಲಾರದೆ ಇದ್ದರೆ ಅವಳನ್ನು ನೋಡಿಕೊಳ್ಳುವ ಹೊಣೆಗೆ ವಯಸ್ಸಿನ ಮಿತಿ ಇಲ್ಲ. ಜೀವನಾಂಶವೆಂದರೆ ಊಟ, ಬಟ್ಟೆ, ವಸತಿ ಮಾತ್ರವಲ್ಲ, ಶಿಕ್ಷಣವೂ ಸೇರಿದೆ. ಮಗಳಿಗಾದರೆ ಮದುವೆಯ ಖರ್ಚೂ ಉಂಟು. ಅದೊಂದನ್ನು ನಮ್ಮ ಊರಿನಲ್ಲಿ ಕಾಯ್ದೆ ಓದದೆಯೇ ಪಾಲಿಸುತ್ತಾರೆ.

ಅಂದರೆ ಹಕ್ಕಿದ್ದದ್ದು ಅಕ್ಕನಿಗೆ, ಓದುತ್ತಿರುವವನು ನಾನು. ಬಿ.ಕಾಂ. ಮುಗಿಸಿ ಮೈಸೂರಿನಲ್ಲಿ ಎಂ.ಕಾಂ. ಮಾಡುತ್ತೇನೆ ಎಂದವಳಿಗೆ ಮನೆಯಲ್ಲಿ ಸಿಕ್ಕ ಉತ್ತರ, ‘ಮೊದಲು ಇವನದೊಂದು ಮುಗಿಯಲಿ’. ಈಗ ಬೆಳಗಿನ ಜಾವ ಸೊಪ್ಪು ಕೊಯ್ಯುವವಳು ಅವಳು, ಹಣ್ಣಾದ ಹುಳುವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವವಳೂ ಅವಳೇ. ಅಪ್ಪನಿಗೆ ಮೊಬೈಲಿನಲ್ಲಿ ದುಡ್ಡು ಕಳಿಸಲು ಬರುವುದಿಲ್ಲವಾದ್ದರಿಂದ ನನ್ನ ಖಾತೆಗೆ ಹಣ ಬಂದಾಗಲೆಲ್ಲ ಬ್ಯಾಂಕಿನ ಸಂದೇಶದಲ್ಲಿ ಇರುವುದು ಅಕ್ಕನ ಹೆಸರು. ಅಪ್ಪ ಹೇಳಿದ ಮೊತ್ತಕ್ಕಿಂತ ಐನೂರು ಹೆಚ್ಚೇ ಇರುತ್ತದೆ. ಅದು ಎಲ್ಲಿಂದ ಬಂತೆಂದು ನಾನು ಕೇಳುವುದಿಲ್ಲ. ಕೇಳಿದರೆ ಅವಳು ಹೇಳಿಬಿಟ್ಟಾಳು ಎಂಬ ಭಯ.

ಅಪ್ಪನಿಂದ ತೆಗೆದುಕೊಳ್ಳುವುದು ಅಷ್ಟೇನೂ ಚುಚ್ಚುವುದಿಲ್ಲ ಬೈಟು. ಕೆಲಸ ಸಿಕ್ಕ ಮೇಲೆ ಅವರಿಗೊಂದು ಒಳ್ಳೆಯ ಹುಳುಮನೆ ಕಟ್ಟಿಸಿಕೊಡಬಹುದು. ಅಕ್ಕನಿಗೆ ಏನನ್ನು ಹಿಂತಿರುಗಿಸಲಿ? ಅವಳು ಏನೂ ಕೇಳದಿರುವುದು ನನಗೆ ಅನುಕೂಲವಾಗಿದೆ ಎಂಬುದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ನಿನಗೂ ಹೇಳಬೇಕೆಂದಿರಲಿಲ್ಲ.

ಫೋನಿನಲ್ಲಿ ಅವಳಿಗೆ ಸೆಕ್ಷನ್ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಸರಿ ವಕೀಲಪ್ಪ, ಕೇಸು ಹಾಕೋಣ, ನಿನ್ನ ಫೀಸೆಷ್ಟು?’ ಎಂದಳು. ತಕ್ಷಣ, ‘ಇರು, ಹುಳುವಿಗೆ ಸೊಪ್ಪು ಹಾಕಬೇಕು’ ಎಂದು ಇಟ್ಟೇಬಿಟ್ಟಳು. ನನ್ನ ಮೊದಲ ಕಕ್ಷಿದಾರಳು ಮುಂಗಡವನ್ನೂ ಕೊಡಲಿಲ್ಲ.

ಇರಲಿ, ಈಗ ಅಸಲು ವಿಷಯ. ಜಾತ್ರೆಯಲ್ಲಿ ನೀನು ಪಡೆದ ಮುನ್ನೂರು ರೂಪಾಯಿಗೆ ಮುಂದಿನ ತಿಂಗಳು ಮೂರು ವರ್ಷ ತುಂಬುತ್ತದೆ. 1963ರ ಕಾಲಮಿತಿ ಕಾಯ್ದೆಯಂತೆ ಆಮೇಲೆ ನಾನು ದಾವೆ ಹೂಡುವಂತಿಲ್ಲ. ಅಷ್ಟರೊಳಗೆ ‘ಸಾಲ ಬಾಕಿ ಇದೆ’ ಎಂದು ಒಂದು ಸಾಲು ಬರೆದು ಸಹಿ ಮಾಡಿ ಕಳಿಸಿದರೂ ಸಾಕು, ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ. ಹಳದಿ ಕೊಡೆಯ ಮೇಲಾಣೆ, ಬಡ್ಡಿ ಕೇಳುವುದಿಲ್ಲ.

ನಿನ್ನ,
ಧರ್ಮಾರ್ಥ ವಕೀಲ